ಟ್ರ್ಯಾಕ್ಟರ್ ಎಂಜಿನ್ನಿನ ಕಂಪ್ರೆಷನ್ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಮೂರು ಸಿಲಿಂಡರಿನ ಡೀಸೆಲ್ ಟ್ರ್ಯಾಕ್ಟರ್ ಬೆಳಗಿನ ಹೊತ್ತು ಬೇಗ ಸ್ಟಾರ್ಟ್ ಆಗುವುದಿಲ್ಲ, ಆದ ಮೇಲೂ ಕೆಲವು ನಿಮಿಷ ಬಿಳಿ ಹೊಗೆ ಬರುತ್ತದೆ. ಇಂಜೆಕ್ಟರುಗಳನ್ನು ಪರೀಕ್ಷಿಸಿಯಾಗಿದೆ. ಪೆಟ್ರೋಲ್ ವಾಹನದ ಕಂಪ್ರೆಷನ್ ಗೇಜ್ (ಪಿಸ್ಟನ್ ಗಾಳಿಯನ್ನು ಅದುಮಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ ಅಳೆಯುವ ಮೀಟರ್) ನನ್ನಲ್ಲಿದೆ. ಅದನ್ನೇ ಬಳಸಬಹುದೇ?

ಉತ್ತರ 1: ದಯವಿಟ್ಟು ಬಳಸಬೇಡಿ. ಆ ಗೇಜ್ ಸುಮಾರು 20 ಬಾರ್ ಒತ್ತಡಕ್ಕೆ ತಯಾರಾದದ್ದು. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ 25ರಿಂದ 30 ಬಾರ್, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತದೆ. 70 ಬಾರ್‌ವರೆಗಿನ ಡೀಸೆಲ್ ಗೇಜನ್ನೂ ನಿಮ್ಮ ಇಂಜೆಕ್ಟರ್ ರಂಧ್ರಕ್ಕೆ ಹೊಂದುವ ಅಡಾಪ್ಟರನ್ನೂ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಡೀಸೆಲ್ ಸರಬರಾಜು ನಿಲ್ಲಿಸಿ, ಮೂರೂ ಇಂಜೆಕ್ಟರುಗಳನ್ನು ಬಿಚ್ಚಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಬ್ಯಾಟರಿ ದುರ್ಬಲವಾಗಿದ್ದರೆ ಒಳ್ಳೆಯ ಎಂಜಿನ್ನೂ ಕೆಟ್ಟಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಹಾಗೆಯೇ ಮಾಡಿದೆ. ಕ್ರಮವಾಗಿ 27, 26 ಮತ್ತು 18 ಬಾರ್ ಬಂದಿದೆ. ಪಿಸ್ಟನ್ ರಿಂಗ್ ಸೋರುತ್ತಿದೆಯೇ ಎಂದು ತಿಳಿಯಲು ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಅಳೆಯಲೇ?

ಉತ್ತರ 2: ನನಗೆ ಆ ಕ್ರಮ ಡೀಸೆಲ್ ಎಂಜಿನ್ನಿಗೆ ಹಿತವೆನಿಸುವುದಿಲ್ಲ. ಪಿಸ್ಟನ್ ಮೇಲಿನ ಜಾಗ ಬಹಳ ಕಿರಿದಾದ್ದರಿಂದ ಆಯಿಲ್ ಸ್ವಲ್ಪ ಹೆಚ್ಚಾದರೂ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಮೂರನೆಯ ಸಿಲಿಂಡರಿನ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ನೋಡಿ; ಅದು ತೀರ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದು ಸರಿಯಿದ್ದರೆ, ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಕಂಪ್ರೆಸರಿನಿಂದ ಗಾಳಿ ಕೊಟ್ಟು ಕಿವಿಗೊಡಿ: ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರಿನಲ್ಲಾದರೆ ಇನ್ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಜೋರಾಗಿ ಬಂದರೆ ರಿಂಗ್ ಅಥವಾ ಲೈನರ್ (ಸಿಲಿಂಡರಿನ ಒಳಗೋಡೆ) ಸೋರುತ್ತಿದೆ ಎಂದರ್ಥ. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.