ಆ ವರದಿಯನ್ನು ಯಾರು ಓದಿದ್ದೀರಿ?

ಅಣ್ಣ, ರಾತ್ರಿ 8:10
(ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಆನ್‌ಲೈನ್‌ನಲ್ಲಿ ಕಲಿತವರು ತರಗತಿಯಲ್ಲಿ ಕುಳಿತು ಕಲಿತವರಿಗಿಂತ ಮುಂದಿದ್ದಾರೆ ಎಂದು ಅಮೆರಿಕದ ಶಿಕ್ಷಣ ಇಲಾಖೆಯೇ ಒಪ್ಪಿಕೊಂಡಿದೆ. ತರಗತಿಗಳ ಕಾಲ ಮುಗಿಯಿತು. ಮಕ್ಕಳ ಭವಿಷ್ಯದ ಬಗ್ಗೆ ಕಾಳಜಿಯಿರುವ ಎಲ್ಲರಿಗೂ ಇದನ್ನು ತಲುಪಿಸಿ.

ಅಣ್ಣ, 8:11
ಕಾಲೇಜು ಬಿಟ್ಟು ಆನ್‌ಲೈನ್ ಪದವಿಗೆ ಸೇರುತ್ತೇನೆ ಎಂದು ಮಗಳು ಒಂದು ತಿಂಗಳಿಂದ ಹೇಳುತ್ತಿದ್ದಾಳೆ. ಇದನ್ನು ನೋಡಿದ ಮೇಲೆ ಅವಳ ಮಾತೇ ಸರಿಯೇನೋ ಅನ್ನಿಸುತ್ತಿದೆ.

ದೊಡ್ಡಪ್ಪ, 8:19
ಮೂವತ್ತನಾಲ್ಕು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ. ಕಪ್ಪು ಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕ ಬರೆದು ಹಿಂದಿರುಗಿ ನೋಡಿದರೆ, ಯಾರ ಕೈ ಅರ್ಧಕ್ಕೆ ನಿಂತಿದೆ, ಯಾರು ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದಾರೆ, ಯಾರು ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಕ್ಯಾಮೆರಾ ಆರಿಸಿ ಕುಳಿತ ನಲವತ್ತು ಜನರಲ್ಲಿ ಅದನ್ನು ಯಾರು ಕಾಣುತ್ತಾರೆ? ಗುರುವಿನ ಎದುರು ಕೂರದೆ ವಿದ್ಯೆ ಬರುವುದಿಲ್ಲ.

ನಾನು, 8:24
ಅಣ್ಣ, ಈ ಸಂದೇಶದಲ್ಲಿ ವರದಿಯ ಹೆಸರಿಲ್ಲ, ವರ್ಷವೂ ಇಲ್ಲ. ಮೂಲ ಎಲ್ಲಿದೆ?

ಅಣ್ಣ, 8:26
ನಾನು ಏನು ಕಳಿಸಿದರೂ ನಿನಗೆ ಮೂಲ ಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಮಕ್ಕಳು ಹಿಂದೆ ಬೀಳುತ್ತಾರೆ ಎಂದು ದೊಡ್ಡಪ್ಪ ಇದೇ ಗುಂಪಿನಲ್ಲಿ ಬರೆದಿದ್ದರು. ಅವರನ್ನು ಆಗ ನೀನು ಮೂಲ ಕೇಳಲಿಲ್ಲ.

ತಮ್ಮ, 8:31
ದೊಡ್ಡಪ್ಪನ ಮಾತು ಓದಿ ನನ್ನ ಕೊನೆಯ ಬೆಂಚು ನೆನಪಾಯಿತು. ಸಮೀಕರಣದಲ್ಲಿ ಒಂದು ಸಂಖ್ಯೆಯನ್ನು ಆಚೆ ಬದಿಗೆ ಒಯ್ದರೆ ಚಿಹ್ನೆ ಏಕೆ ಬದಲಾಗುತ್ತದೆ ಎಂದು ನನಗೆ ತಿಳಿಸಿದವರು ಮೇಷ್ಟ್ರಲ್ಲ, ಪಕ್ಕದಲ್ಲಿ ಕುಳಿತಿದ್ದ ಗೆಳೆಯ. ಎರಡೂ ಕಡೆಯಿಂದ ಅದೇ ಸಂಖ್ಯೆಯನ್ನು ಕಳೆಯುತ್ತಿದ್ದೇವೆ ಅಷ್ಟೇ, ಎಂದು ಪುಸ್ತಕದ ಅಂಚಿನಲ್ಲಿ ಬರೆದು ತೋರಿಸಿದ. ಆ ಬೆಂಚು ಇರದಿದ್ದರೆ ನಾನು ಗಣಿತ ಬಿಡುತ್ತಿದ್ದೆ.

ನಾನು, 8:52
ಅಣ್ಣ ಹೇಳಿದ್ದು ನಿಜ, ಆಗ ನಾನು ಕೇಳಲಿಲ್ಲ, ಕೇಳಬೇಕಿತ್ತು. ಈಗ ಎರಡೂ ಮಾತುಗಳ ಮೂಲವನ್ನು ಹುಡುಕಿ ಓದಿದೆ. ಸಂದೇಶದಲ್ಲಿರುವುದು ಅಮೆರಿಕದ ಶಿಕ್ಷಣ ಇಲಾಖೆ 2009ರಲ್ಲಿ ಪ್ರಕಟಿಸಿ 2010ರಲ್ಲಿ ಪರಿಷ್ಕರಿಸಿದ ವರದಿ. ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಅವುಗಳಲ್ಲಿ ನಂಬಲರ್ಹವಾದ 50 ಹೋಲಿಕೆಗಳನ್ನಷ್ಟೇ ಆರಿಸಿಕೊಂಡು ನೋಡಿದಾಗ, ಆನ್‌ಲೈನ್‌ನಲ್ಲಿ ಕಲಿತವರು ಸರಾಸರಿಯಲ್ಲಿ ಸ್ವಲ್ಪ ಮುಂದಿದ್ದರು. ಆದರೆ ಆ ಮುನ್ನಡೆ ಬಹುಮಟ್ಟಿಗೆ ಕಂಡದ್ದು ತರಗತಿ ಮತ್ತು ಆನ್‌ಲೈನ್ ಎರಡನ್ನೂ ಬೆರೆಸಿದ ಕಡೆ. ಅಂಥ ಕಡೆಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚಿನ ಸಮಯವೂ ಹೆಚ್ಚಿನ ಪಾಠಸಾಮಗ್ರಿಯೂ ಸಿಕ್ಕಿದ್ದರಿಂದ, ಲಾಭಕ್ಕೆ ಮಾಧ್ಯಮವೇ ಕಾರಣವೆಂದು ಹೇಳಲಾಗದು ಎಂದು ವರದಿಯೇ ಎಚ್ಚರಿಸುತ್ತದೆ. ಶಾಲಾ ಮಕ್ಕಳ ಮೇಲಿನ ಅಧ್ಯಯನಗಳು ಅದರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ತರಗತಿಗಳ ಕಾಲ ಮುಗಿಯಿತು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ದೊಡ್ಡಪ್ಪ, 8:55
ನಾನು ಮೊದಲೇ ಹೇಳಲಿಲ್ಲವೇ?

ನಾನು, 9:03
ದೊಡ್ಡಪ್ಪ, ನಿಮ್ಮ ಮಾತಿಗೂ ಅರ್ಧ ಆಧಾರವಷ್ಟೇ ಇದೆ. 2020ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪ್ರಾಥಮಿಕ ಶಾಲೆಗಳು ಎಂಟು ವಾರ ಮುಚ್ಚಿದ್ದವು. ಮನೆಮನೆಗೂ ಒಳ್ಳೆಯ ಇಂಟರ್ನೆಟ್ ಇರುವ ಆ ದೇಶದಲ್ಲಿಯೂ ಮಕ್ಕಳು ಒಂದು ಶಾಲಾ ವರ್ಷದ ಐದನೇ ಒಂದು ಭಾಗದಷ್ಟು ಕಲಿಕೆಯನ್ನು ಕಳೆದುಕೊಂಡರು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ತಂದೆತಾಯಿ ಕಡಿಮೆ ಓದಿದ್ದ ಮನೆಗಳಲ್ಲಿ ನಷ್ಟ ಶೇಕಡಾ 60ರವರೆಗೂ ಹೆಚ್ಚಿತ್ತು. ಆದರೆ ಅದು ರಾತ್ರೋರಾತ್ರಿ ಶಾಲೆ ಮುಚ್ಚಿ, ಕೈಗೆ ಸಿಕ್ಕಿದ ಸಾಧನದಿಂದ ಪಾಠ ನಡೆಸಿದ ಕಾಲ. ವರ್ಷಗಟ್ಟಲೆ ಯೋಚಿಸಿ ರೂಪಿಸಿದ ಆನ್‌ಲೈನ್ ಪಾಠವನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಚಿಕ್ಕಮ್ಮ, 9:14
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಭಾವ, ಎದುರು ಕೂರದೆ ವಿದ್ಯೆ ಬರುವುದಿಲ್ಲ ಎಂದಿರಲ್ಲ, ಇದೇ ಮಾತನ್ನು ನೀವು ನನಗೆ ಹಿಂದೆಯೂ ಹೇಳಿದ್ದಿರಿ. ಮಗುವನ್ನು ಮಲಗಿಸಿದ ಮೇಲೆ ಅಂಚೆಯಲ್ಲಿ ಬಂದ ಪುಸ್ತಿಕೆಗಳನ್ನು ಓದಿ ನಾನು ಪದವಿ ಮುಗಿಸಿದಾಗ, ಅದನ್ನೂ ಓದು ಎನ್ನುತ್ತಾರೆಯೇ ಎಂದು ಎಲ್ಲರ ಮುಂದೆ ಕೇಳಿದಿರಿ. ತರಗತಿಯಲ್ಲಿ ನಾನು ಒಮ್ಮೆಯೂ ಕೈ ಎತ್ತಿದವಳಲ್ಲ. ಆದರೆ ಪುಸ್ತಿಕೆಯ ಒಂದು ಪುಟವನ್ನು ಏಳು ಸಲ ಓದಿದರೂ ಯಾರೂ ನಗುತ್ತಿರಲಿಲ್ಲ. ಇಂದಿನ ಮಕ್ಕಳು ವಿಡಿಯೊವನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳುವುದೂ ಅದೇ ಅಲ್ಲವೇ?

ಚಿಕ್ಕಮ್ಮ, 9:17
ನನ್ನನ್ನು ದಡ ಸೇರಿಸಿದ್ದು ಪುಸ್ತಿಕೆಯೊಂದೇ ಅಲ್ಲ ಎಂಬುದನ್ನೂ ಹೇಳಬೇಕು. ಬರೆದು ಕಳಿಸಿದ ಉತ್ತರಗಳು ಕೆಂಪು ಶಾಯಿಯ ತಿದ್ದುಪಡಿಯೊಂದಿಗೆ ಮರಳಿ ಬರುತ್ತಿದ್ದವು. 1840ರಲ್ಲಿ ಐಸಾಕ್ ಪಿಟ್‌ಮನ್ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದಾಗಲೂ ಶಿಷ್ಯರು ಬರೆದದ್ದನ್ನು ತಿದ್ದಿ ಹಿಂದಿರುಗಿಸುತ್ತಿದ್ದರು. ಒಂದು ಸಲ ನನ್ನ ಉತ್ತರಪತ್ರಿಕೆ ಬರುವುದು ಎರಡು ತಿಂಗಳು ತಡವಾಯಿತು. ಆಗಲೇ ಓದು ಬಿಡುವ ಯೋಚನೆ ಬಂದಿತ್ತು.

ತಮ್ಮ, 9:20
ಹಾಗಾದರೆ ನನಗೆ ಗೆಳೆಯ ಅಂಚಿನಲ್ಲಿ ಬರೆದು ತೋರಿಸಿದ್ದೂ ಚಿಕ್ಕಮ್ಮನ ಕೆಂಪು ಶಾಯಿಯೂ ಒಂದೇ ಕೆಲಸ ಮಾಡಿವೆ.

ದೊಡ್ಡಪ್ಪ, 9:31
ಆ ಮಾತು ಆಡಬಾರದಿತ್ತು, ಅಮ್ಮಾ. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀಯೆಂದು ನನಗೆ ತಿಳಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೈ ಎತ್ತದೆ ಕುಳಿತವರೆಲ್ಲರನ್ನೂ ನಾನು ಕಂಡೆನೆಂದು ಈಗ ಹೇಳಲಾರೆ. ಆದರೂ ಒಂದು ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಮಗು ಎಲ್ಲಿ ಎಡವಿತು ಎಂದು ಯಾರಾದರೂ ನೋಡಲೇಬೇಕು, ಅದು ಎದುರಿನಿಂದಾಗಲಿ, ದೂರದಿಂದಾಗಲಿ.

ಅಣ್ಣ, 9:34
ಇವೆಲ್ಲ ಸರಿ. ನಾನು ಮಗಳಿಗೆ ಏನು ಹೇಳಬೇಕು?

ನಾನು, 9:40
ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಮೂಲಕ ನೀಡಿದ, ಯಾರು ಬೇಕಾದರೂ ಸೇರಬಹುದಾದ ಮುಕ್ತ ಕೋರ್ಸುಗಳನ್ನು 2017-18ರಲ್ಲಿ ಕೊನೆಯವರೆಗೆ ಮುಗಿಸಿದವರು ಶೇಕಡಾ 3.13 ಮಾತ್ರ. ಸೇರಿದವರಲ್ಲಿ ಕುತೂಹಲಕ್ಕೆ ಇಣುಕಿದವರೂ ಬಹಳ, ಪದವಿಯ ಕೋರ್ಸಿನ ಸ್ಥಿತಿ ಬೇರೆಯೇ ಇರಬಹುದು. ಆದರೂ ಪಾಠಗಳು ಎಷ್ಟು ಚೆನ್ನಾಗಿವೆ ಎಂದು ವಿಚಾರಿಸುವ ಮೊದಲು, ಅವಳು ಬರೆದದ್ದನ್ನು ಯಾರು ತಿದ್ದುತ್ತಾರೆ, ಎಷ್ಟು ದಿನಗಳಲ್ಲಿ ತಿದ್ದುತ್ತಾರೆ, ಅವಳು ಎರಡು ವಾರ ಕಾಣಿಸದಿದ್ದರೆ ಯಾರು ಕರೆ ಮಾಡುತ್ತಾರೆ ಎಂದು ವಿಚಾರಿಸು. ಅವಳ ಕಾಲೇಜಿಗೂ ಇದೇ ಪ್ರಶ್ನೆಗಳನ್ನು ಹಾಕು.

ಚಿಕ್ಕಮ್ಮ, 9:42
ಬೇಸಿಗೆಯಲ್ಲಿ ಅವಳು ಸಂಖ್ಯಾಶಾಸ್ತ್ರದ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದಳಲ್ಲ, ಅದನ್ನು ಮುಗಿಸಿದಳೇ?

ಅಣ್ಣ, 9:45
ಇಲ್ಲ. ಮೂರನೆಯ ವಾರಕ್ಕೆ ನಿಲ್ಲಿಸಿದಳು.

ದೊಡ್ಡಪ್ಪ, 9:46
ಯಾವ ಪಾಠದಲ್ಲಿ ನಿಲ್ಲಿಸಿದಳು?

ಅಣ್ಣ, 9:52
ಕೇಳಿರಲಿಲ್ಲ, ದೊಡ್ಡಪ್ಪ. ಈಗ ಅವಳ ಕೋಣೆಗೆ ಹೋಗುತ್ತಿದ್ದೇನೆ.