ಮೇಪಲ್ ಸಿರಪ್‌ಗೆ ಯಾಕೆ ಇಷ್ಟು ಬೆಲೆ?

ಪ್ರಶ್ನೆ: ಮರದ ರಸ ಕುದಿಸಿದರೆ ಮೇಪಲ್ ಸಿರಪ್ ಆಗುತ್ತದೆ, ಅಷ್ಟೇ ಅಲ್ವಾ? ಮತ್ತೆ ಯಾಕೆ ಇಷ್ಟು ದುಬಾರಿ? ಇದನ್ನು ಮೊದಲು ಮಾಡಿದವರು ಯಾರು?

ಉತ್ತರ 1: ಆ ಕುದಿಸುವುದೇ ದೊಡ್ಡ ಕೆಲಸ. ರಸ ನೋಡೋಕೆ ನೀರಿನಂತೆ ತಿಳಿಯಾಗಿರುತ್ತದೆ, ಅದರಲ್ಲಿ ಸಕ್ಕರೆ ಸುಮಾರು ಶೇ. 2 ಮಾತ್ರ, ಹಾಗಾಗಿ 1 ಲೀಟರ್ ಸಿರಪ್‌ಗೆ ಹೆಚ್ಚುಕಡಿಮೆ 40 ಲೀಟರ್ ರಸ ಬೇಕು. ಅಗಲವಾದ ಪಾತ್ರೆಯಲ್ಲಿ ಕುದಿಸುತ್ತಾ ಹೋಗಿ, ಬಿಸಿ 104 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಇಳಿಸಬೇಕು. ಜಾಸ್ತಿ ಕುದಿಸಿದರೆ ಆಮೇಲೆ ಹರಳುಗಟ್ಟುತ್ತದೆ.

ಉತ್ತರ 2: ಸೀಸನ್ ಕೂಡ ಚಿಕ್ಕದು. ಚಳಿಗಾಲ ಮುಗಿಯುವ ಹೊತ್ತಿಗೆ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು, ಎರಡೂ ಇದ್ದರೆ ಮಾತ್ರ ರಸ ಚೆನ್ನಾಗಿ ಹರಿಯುತ್ತದೆ. ಮರ ಚಿಗುರೋಕೆ ಶುರುವಾದರೆ ರುಚಿ ಕೆಡುತ್ತದೆ, ಅಲ್ಲಿಗೆ ಆ ವರ್ಷದ ಕೆಲಸ ಮುಗೀತು.

ಉತ್ತರ 3: ಮೊದಲು ಮಾಡಿದವರು ಉತ್ತರ ಅಮೆರಿಕದ ಮೂಲನಿವಾಸಿಗಳು. ಯುರೋಪಿನವರು ಬರುವ ಮೊದಲೇ ಅನಿಶಿನಾಬೆಯಂಥ ಜನರಿಗೆ ಇದು ಗೊತ್ತಿತ್ತು. ಬರ್ಚ್ ಮರದ ತೊಗಟೆಯ ಪಾತ್ರೆಯಲ್ಲಿ ರಸ ಹಿಡಿಯುತ್ತಿದ್ದರು. ಈಗ ಹೆಸರೆಲ್ಲ ಕೆನಡಾದ ಕ್ವಿಬೆಕ್‌ಗೆ, ಜಗತ್ತಿನ ಮೇಪಲ್ ಸಿರಪ್‌ನಲ್ಲಿ ಹೆಚ್ಚಿನ ಪಾಲು ಬರುವುದು ಅಲ್ಲಿಂದಲೇ. ಆದರೆ ಕಲಿಸಿದವರನ್ನು ಮರೆಯಬಾರದು ಅನ್ನುವುದು ನನ್ನ ಮಾತು.