ಸಹಾಯ ಬೇಕು: ಬಿಯರ್ ಪಾಂಗ್ ಆಟದ ಕೊನೆಯ ಸುತ್ತಿನ ನಿಯಮ

ಎಲ್ಲರಿಗೂ ನಮಸ್ಕಾರ. ಓಹಾಯೋದಲ್ಲಿ ಎಂ.ಎಸ್. ಓದುತ್ತಿರುವ ನಾನು, ಬರುವ ಶನಿವಾರ ಮನೆಗೆ ಬರಲಿರುವ ಸಹಪಾಠಿಗಳಿಗೆ ಬಿಯರ್ ಪಾಂಗ್ ಆಡಿಸುವ ಹೊಣೆ ಹೊತ್ತಿದ್ದೇನೆ. ಬರುವವರೆಲ್ಲರೂ 21 ವರ್ಷ ದಾಟಿದವರು. ಸುಮಾರು 8 ಅಡಿ ಉದ್ದದ ಮೇಜಿನ ಎರಡೂ ತುದಿಗಳಲ್ಲಿ ತಲಾ 10 ಲೋಟಗಳನ್ನು ತ್ರಿಕೋನಾಕಾರದಲ್ಲಿ ಒತ್ತೊತ್ತಾಗಿ ಜೋಡಿಸಿ, ಇಬ್ಬಿಬ್ಬರ ತಂಡಗಳು ಸರದಿಯಂತೆ ಎರಡೆರಡು ಟೇಬಲ್ ಟೆನಿಸ್ ಚೆಂಡುಗಳನ್ನು ಎಸೆಯಬೇಕು, ಚೆಂಡು ಬಿದ್ದ ಲೋಟವನ್ನು ಎದುರಾಳಿಗಳು ಕುಡಿದು ಬದಿಗಿಡಬೇಕು ಎಂಬಷ್ಟು ನನಗೆ ಗೊತ್ತಿದೆ.

ತೊಡಕಿರುವುದು ಕೊನೆಯಲ್ಲಿ. ಒಂದು ತಂಡದ ಕಡೆಯ ಲೋಟಕ್ಕೂ ಚೆಂಡು ಬಿದ್ದ ಮೇಲೆ, ಸೋಲುವ ತಂಡಕ್ಕೆ ಸಿಗುವ ಮರುಅವಕಾಶದಲ್ಲಿ ಗುರಿ ತಪ್ಪುವವರೆಗೂ ಎಸೆಯಬಹುದೇ, ಅಥವಾ ಒಬ್ಬೊಬ್ಬರಿಗೆ ಒಂದೇ ಎಸೆತವೇ? ಮೇಜಿಗೆ ಪುಟಿದು ಬಿದ್ದ ಚೆಂಡಿಗೆ ಎರಡು ಲೋಟ ತೆಗೆಯುವುದಾದರೆ, ಅದನ್ನು ಎದುರಾಳಿ ಕೈಯಿಂದ ತಡೆಯಲು ಬಿಡುವುದು ನ್ಯಾಯವೆಂದು ನನಗನಿಸುತ್ತದೆ. ನಿಮ್ಮಲ್ಲಿ ಹೇಗೆ ಆಡುತ್ತೀರಿ?

ಕಳೆದ ಬಾರಿ ಕಾರ್ಪೆಟ್ ಮೇಲೆ ಉರುಳಿದ ಒದ್ದೆ ಚೆಂಡಿಗೆ ಉದ್ದನೆಯ ಕೂದಲೊಂದು ಅಂಟಿ, ಅದೇ ಚೆಂಡು ನೇರವಾಗಿ ಬಿಯರಿಗೆ ಬಿದ್ದದ್ದನ್ನು ಕಂಡ ಮೇಲೆ, ಮೇಜಿನ ಲೋಟಗಳಿಗೆ ನೀರು ತುಂಬಿ, ಕುಡಿಯುವುದನ್ನು ಬೇರೆ ಲೋಟದಿಂದಲೇ ಕುಡಿಯಬೇಕೆಂದು ನಿಶ್ಚಯಿಸಿದ್ದೇನೆ. ಇದರಿಂದ ಮದ್ಯ ಮುಟ್ಟದ ನನ್ನ ಗೆಳತಿಯೂ ನಿಂಬೆ ಶರಬತ್ತು ಹಿಡಿದು ಸಮನಾಗಿ ಆಡಬಹುದು. ಹೀಗೆ ಆಡಿಸಿದ ಅನುಭವವಿರುವವರು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.